ಥಂಬ್‌ನೇಲ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವುದು ಹೇಗೆ

ಯೂಟ್ಯೂಬಿಗೆ ಮಾಡಿದ ವೀಡಿಯೊ ಚೆನ್ನಾಗಿ ಬಂದಿದೆ, ಅದರ ಮುಖಚಿತ್ರ, ಅಂದರೆ ಥಂಬ್‌ನೇಲ್, ಮಾತ್ರ ಏನೋ ಸರಿ ಇಲ್ಲ. ಈ "ಏನೋ" ಅನ್ನೋದೇ ದೊಡ್ಡ ತಲೆನೋವು. ಏನು ಸರಿ ಇಲ್ಲ ಅಂತ ಗೊತ್ತಾಗದೆ ಜನ ಮತ್ತೆ ಮೊದಲಿಂದ ಶುರು ಮಾಡುತ್ತಾರೆ, ಬಣ್ಣ ಬದಲಿಸುತ್ತಾರೆ, ಬಾಣದ ಗುರುತು ಹಾಕುತ್ತಾರೆ, ಬಾಯಿ ತೆರೆದುಕೊಂಡ ಮುಖ ಅಂಟಿಸುತ್ತಾರೆ. ದೋಷ ಇದ್ದದ್ದು ಬೇರೆಲ್ಲೋ.

ಥಂಬ್‌ನೇಲ್ ಕೆಡುವುದು ನಾಲ್ಕು ಕಡೆ. ವೀಡಿಯೊದಿಂದ ಫ್ರೇಮ್ (ಒಂದು ನಿಂತ ಚಿತ್ರ) ತೆಗೆಯುವಾಗ, ಅದರ ಮೇಲೆ ಅಕ್ಷರ ಕೂರಿಸುವಾಗ, ಸೇವ್ ಮಾಡುವಾಗ, ಯೂಟ್ಯೂಬಿಗೆ ಏರಿಸಿದ ಮೇಲೆ. ಎಲ್ಲಿ ಕೆಟ್ಟಿದೆ ಅಂತ ತಿಳಿಯೋಕೆ ಒಂದು ಬಿಟ್ಟಿ ಪರೀಕ್ಷೆ ಇದೆ, ಬೇರೆ ಏನನ್ನೂ ಮುಟ್ಟುವ ಮುಂಚೆ ಇದನ್ನು ಮಾಡಿ. ನೀವು ಏರಿಸಿದ ಅದೇ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ನೂರಕ್ಕೆ ನೂರರ ಅಳತೆಯಲ್ಲಿ ನೋಡಿ. ಎಡಿಟಿಂಗ್ ಸಾಫ್ಟ್‌ವೇರ್ ಒಳಗೆ ನೋಡಬೇಡಿ, ಸೇವ್ ಆದ ಫೈಲನ್ನೇ ನೋಡಿ. ಅಲ್ಲೇ ಕೆಟ್ಟಿದ್ದರೆ ಯೂಟ್ಯೂಬನ್ನು ಬೈದು ಪ್ರಯೋಜನವಿಲ್ಲ. ಅಲ್ಲಿ ಚೆನ್ನಾಗಿದ್ದು ಚಾನೆಲ್‌ನಲ್ಲಿ ಮಾತ್ರ ಕೆಟ್ಟಿದ್ದರೆ ಸಾಫ್ಟ್‌ವೇರನ್ನು ಕೆದಕಬೇಡಿ.

ಹೊಸದು ಹಾಕಿದೆ, ಇನ್ನೂ ಹಳೇದೇ ಕಾಣ್ತಿದೆ

ಇದು ಬಹುತೇಕ ದೋಷವೇ ಅಲ್ಲ. ನಿಮ್ಮ ಬ್ರೌಸರೋ ಫೋನಿನ ಆಪೋ ಹಳೇ ಚಿತ್ರವನ್ನು ನೆನಪಿಟ್ಟುಕೊಂಡು ತೋರಿಸುತ್ತಿರುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದು ನೋಡಿ, ಅಥವಾ ಮನೆಯಲ್ಲಿ ಇನ್ನೊಬ್ಬರ ಫೋನಿನಲ್ಲಿ ನೋಡಿ. ಅಲ್ಲಿ ಹೊಸದು ಕಂಡರೆ ಕೆಲಸ ಮುಗಿದಂತೆ. ಎಲ್ಲೂ ಬದಲಾಗಿಲ್ಲ ಅಂದರೆ ಯೂಟ್ಯೂಬ್ ಸ್ಟುಡಿಯೊಗೆ (ಚಾನೆಲ್ ನೋಡಿಕೊಳ್ಳುವ ಪುಟ) ಹೋಗಿ ಸೇವ್ ಒತ್ತಿದ್ದೀರಾ ನೋಡಿ. ಚಿತ್ರ ಆರಿಸಿ, ಸೇವ್ ಒತ್ತದೆ ಟ್ಯಾಬ್ ಮುಚ್ಚುವವರು ಕಡಿಮೆ ಇಲ್ಲ. ಸೇವ್ ಆಗಿದ್ದರೆ ಸ್ವಲ್ಪ ಹೊತ್ತು ಕಾಯಿರಿ. ತಾಳ್ಮೆ ಇಲ್ಲದೆ ಅದೇ ಫೈಲನ್ನು ಮತ್ತೆ ಮತ್ತೆ ಏರಿಸುತ್ತಾ ಕೂತರೆ ಯಾವುದು ಹೊಸದು ಯಾವುದು ಹಳೇದು ಅಂತ ನಿಮಗೇ ಗೊಂದಲ ಆಗುತ್ತದೆ.

ಚಿತ್ರ ಹಾಕೋ ಆಯ್ಕೆನೇ ಇಲ್ಲ, ಅಥವಾ ಫೈಲ್ ತಗೊಳ್ತಿಲ್ಲ

ಹೊಸ ಚಾನೆಲ್ ಆಗಿದ್ದರೆ, ಸ್ವಂತ ಥಂಬ್‌ನೇಲ್ ಹಾಕುವ ಮುಂಚೆ ಫೋನ್ ನಂಬರ್ ದೃಢೀಕರಿಸಬೇಕು. ಸ್ಟುಡಿಯೊದ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್, ಅದರೊಳಗೆ ಫೀಚರ್ ಎಲಿಜಿಬಿಲಿಟಿ ಅಂತ ಇರುತ್ತದೆ. ಒಂದೇ ನಂಬರಿನಿಂದ ವರ್ಷಕ್ಕೆ ಎರಡು ಚಾನೆಲ್‌ಗಳನ್ನು ಮಾತ್ರ ದೃಢೀಕರಿಸಬಹುದು, ಹಾಗಾಗಿ ಅಣ್ಣನ ಚಾನೆಲ್ಲಿಗೂ ದೇವಸ್ಥಾನದ ಚಾನೆಲ್ಲಿಗೂ ನಿಮ್ಮ ನಂಬರನ್ನೇ ಕೊಟ್ಟಿದ್ದರೆ ನಿಮ್ಮದಕ್ಕೆ ಸಿಗದೇ ಹೋಗಬಹುದು. ಒಂದು ಮಾತು: "ಒಟಿಪಿ ಹೇಳಿ, ನಾನು ಮಾಡಿಸಿಕೊಡ್ತೀನಿ" ಅನ್ನುವವರಿಗೆ ಯಾವತ್ತೂ ಹೇಳಬೇಡಿ.

ಆಯ್ಕೆ ಇದೆ, ಫೈಲ್ ಮಾತ್ರ ಒಪ್ಪುತ್ತಿಲ್ಲ ಅಂದರೆ ಫೈಲಿನ ಜಾತಿ ನೋಡಿ. ಜೆಪಿಜಿ, ಪಿಎನ್‌ಜಿ, ಜಿಫ್ ಇವಿಷ್ಟು ನಡೆಯುತ್ತವೆ. ಐಫೋನಿನಲ್ಲಿ ತೆಗೆದ ಫೋಟೊ ಎಚ್‌ಇಐಸಿ ಆಗಿರುತ್ತದೆ, ಫೋಟೊಶಾಪಿನ ಫೈಲ್ ಪಿಎಸ್‌ಡಿ ಆಗಿರುತ್ತದೆ. ಹೆಸರಿನ ಕೊನೆಯಲ್ಲಿ ಜೆಪಿಜಿ ಅಂತ ಸುಮ್ನೆ ತಿದ್ದಿದರೆ ಫೈಲ್ ಬದಲಾಗಲ್ಲ, ತೆರೆದು ಬೇರೆ ಬಗೆಯಲ್ಲಿ ಸೇವ್ ಮಾಡಲೇಬೇಕು. ಆಮೇಲೆ ತೂಕ. ಬಹಳ ಕಾಲ 2 ಎಂಬಿ ಮಿತಿ ಇತ್ತು. ಈಚೆಗೆ ಅದನ್ನು ಸಡಿಲ ಮಾಡಿದ್ದಾರೆ, ಆದರೂ 2 ಎಂಬಿ ಒಳಗಿದ್ದರೆ ಎಲ್ಲಿಂದ ಏರಿಸಿದರೂ ತಕರಾರು ಬರಲ್ಲ. ಫೋಟೊ ಇರುವ ಪಿಎನ್‌ಜಿ ಸುಲಭವಾಗಿ ಈ ಗಡಿ ದಾಟುತ್ತದೆ. ಅದೇ ಚಿತ್ರವನ್ನು ಜೆಪಿಜಿಯಲ್ಲಿ, ಗುಣಮಟ್ಟ 90 ಇಟ್ಟು ಸೇವ್ ಮಾಡಿದರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಇಳಿಯುತ್ತದೆ, ಕಣ್ಣಿಗೆ ವ್ಯತ್ಯಾಸವೂ ಗೊತ್ತಾಗಲ್ಲ.

ಚಿತ್ರ ಮಂಜುಮಂಜಾಗಿದೆ

ಮೊದಲು ಫೈಲಿನ ಅಳತೆ ನೋಡಿ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಸಿಗುತ್ತದೆ. ಯೂಟ್ಯೂಬ್ ಬಹಳ ಕಾಲದಿಂದ ಹೇಳುತ್ತಾ ಬಂದ ಅಳತೆ 1280×720, ಕನಿಷ್ಠ ಅಗಲ 640. ನಿಮ್ಮದು 600 ಚಿಲ್ಲರೆ ಅಂತ ತೋರಿಸಿದರೆ ಕಾರಣ ಸಿಕ್ಕಿತು.

ಅಷ್ಟು ಸಣ್ಣದಾಗೋದು ಹೇಗೆ? ನಮ್ಮ ಕಡೆ ಮೊದಲ ಅನುಮಾನ ವಾಟ್ಸಾಪ್ ಮೇಲೇ. ಎಡಿಟ್ ಮಾಡುವವರು ಒಬ್ಬರು, ಏರಿಸುವವರು ಇನ್ನೊಬ್ಬರು, ನಡುವೆ ಚಿತ್ರ ವಾಟ್ಸಾಪಿನಲ್ಲಿ ಹೋಗುತ್ತದೆ. ಫೋಟೊ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣ ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ, ಹೇಗಿತ್ತೋ ಹಾಗೇ ತಲುಪುತ್ತದೆ. ಎರಡನೇ ಕಾರಣ ಸ್ಕ್ರೀನ್‌ಶಾಟ್. ವೀಡಿಯೊ ಓಡಿಸಿ, ನಿಲ್ಲಿಸಿ, ಸ್ಕ್ರೀನ್‌ಶಾಟ್ ಹೊಡೆದು ಕತ್ತರಿಸಿದರೆ ನಿಮಗೆ ಸಿಗೋದು ಪರದೆಯ ಗುಣಮಟ್ಟ, ವೀಡಿಯೊದ್ದಲ್ಲ. ಫ್ರೇಮ್ ತೆಗೆಯುವ ದಾರಿ ಬಹುತೇಕ ಎಲ್ಲಾ ಸಾಫ್ಟ್‌ವೇರ್‌ನಲ್ಲೂ ಇದೆ. ಪ್ರೀಮಿಯರ್‌ನಲ್ಲಿ ಮಾನಿಟರಿನ ಕೆಳಗೆ ಕ್ಯಾಮೆರಾ ಗುರುತು, ಎಕ್ಸ್‌ಪೋರ್ಟ್ ಫ್ರೇಮ್. ಡಾವಿಂಚಿ ರಿಸಾಲ್ವ್‌ನಲ್ಲಿ ಕಲರ್ ಪುಟಕ್ಕೆ ಹೋಗಿ, ಚಿತ್ರದ ಮೇಲೆ ರೈಟ್ ಕ್ಲಿಕ್, ಗ್ರ್ಯಾಬ್ ಸ್ಟಿಲ್, ಆಮೇಲೆ ಗ್ಯಾಲರಿಯಿಂದ ಎಕ್ಸ್‌ಪೋರ್ಟ್. ಶಾಟ್‌ಕಟ್‌ನಲ್ಲಿ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ನಲ್ಲಿದೆ. ಏನೂ ಇಲ್ಲದಿದ್ದರೆ ವಿಎಲ್‌ಸಿಯಲ್ಲಿ ವೀಡಿಯೊ ನಿಲ್ಲಿಸಿ ಶಿಫ್ಟ್ ಮತ್ತು ಎಸ್ ಒತ್ತಿ, ಫ್ರೇಮ್ ಪೂರ್ತಿ ಅಳತೆಯಲ್ಲಿ ಸೇವ್ ಆಗುತ್ತದೆ.

ಅಳತೆ ಸರಿಯಾಗಿಯೇ ಇದೆ, ಆದರೂ ಮಂಜು ಅಂದರೆ ಮೂರು ಸಾಧ್ಯತೆ. ಒಂದು, ಪ್ರಾಕ್ಸಿ. ಕಂಪ್ಯೂಟರ್ ನಿಧಾನ ಅಂತ ಹಗುರ ಪ್ರತಿ ಇಟ್ಟುಕೊಂಡು ಎಡಿಟ್ ಮಾಡುತ್ತಿದ್ದರೆ, ಫ್ರೇಮ್ ಕೂಡ ಆ ಹಗುರ ಪ್ರತಿಯಿಂದಲೇ ಬಂದು ದೊಡ್ಡದಾಗಿ ಎಳೆದಂತೆ ಕಾಣಬಹುದು. ಪ್ರಾಕ್ಸಿ ಆಫ್ ಮಾಡಿ ಮತ್ತೆ ತೆಗೆದು ನೋಡಿ. ಎರಡು, ಜಾಸ್ತಿ ಕತ್ತರಿಸಿದ್ದು. 1920 ಅಗಲದ ಫ್ರೇಮಿನಲ್ಲಿ ಅರ್ಧ ಕತ್ತರಿಸಿ ಮುಖ ಮಾತ್ರ ಉಳಿಸಿಕೊಂಡರೆ ಕೈಯಲ್ಲಿರೋದು 960, ಬೇಕಾದ್ದು 1280. ಯಾವ ಶಾರ್ಪನ್ ಬಟನ್ನೂ ಇಲ್ಲದ ವಿವರವನ್ನು ನಿಜವಾಗಿ ತರಲ್ಲ. 4ಕೆ ವೀಡಿಯೊ ಆಗಿದ್ದರೆ ಅಗಲ 3840, ಅರ್ಧ ಬಿಸಾಕಿದರೂ 1920 ಉಳಿಯುತ್ತದೆ.

ಮೂರನೆಯದು ಚಲನೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವ ವೀಡಿಯೊದಲ್ಲಿ ಶಟರ್ ಸಾಮಾನ್ಯವಾಗಿ 1/50 ಸೆಕೆಂಡ್ ತೆರೆದಿರುತ್ತದೆ, ಅಷ್ಟರಲ್ಲಿ ಕೈ ಬೀಸಿದರೆ ಕೈ ಅಳಿಸಿದಂತೆ ಬರುತ್ತದೆ. ಯಕ್ಷಗಾನದ ವೀಡಿಯೊ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಧಿಗಿಣ (ಹಾರಿ ಗಿರಕಿ ಹೊಡೆಯುವ ಕುಣಿತ) ಹೊಡೆಯುವ ಕ್ಷಣವೇ ಥಂಬ್‌ನೇಲ್‌ಗೆ ಬೇಕು ಅನ್ನಿಸುತ್ತದೆ, ಆದರೆ ಆ ಫ್ರೇಮುಗಳಲ್ಲಿ ಕಿರೀಟ ಎಲ್ಲಿ ಮುಗಿಯುತ್ತೆ ಮುಖ ಎಲ್ಲಿ ಶುರುವಾಗುತ್ತೆ ಅಂತಲೇ ತಿಳಿಯಲ್ಲ. ಧಿಗಿಣ ಮುಗಿಸಿ ವೇಷಧಾರಿ ಕಾಲು ಊರಿ ನೇರ ನೋಡುವ ಆ ಒಂದು ಕ್ಷಣ ಇರುತ್ತದಲ್ಲ, ಅದನ್ನು ಬಾಣದ ಕೀಲಿ ಒತ್ತುತ್ತಾ ಒಂದೊಂದೇ ಫ್ರೇಮ್ ಸರಿಸಿ ಹುಡುಕಿ. ಕದಲಿದ ಫ್ರೇಮನ್ನು ಸರಿಪಡಿಸೋಕೆ ಕೂರುವುದಕ್ಕಿಂತ ಪಕ್ಕದ ಫ್ರೇಮ್ ಹುಡುಕೋದು ಅಗ್ಗ. ಮುಂದಿನ ಸಲ ಶೂಟಿಂಗಿಗೆ ಹೋದಾಗ ಥಂಬ್‌ನೇಲ್‌ಗೆ ಅಂತಲೇ ಬೇರೆ ಫೋಟೊ ತೆಗೆದುಕೊಳ್ಳಿ. ನನ್ನ ಪ್ರಕಾರ ಇದರಷ್ಟು ಕಡಿಮೆ ಶ್ರಮದಲ್ಲಿ ಇಷ್ಟು ಲಾಭ ಕೊಡುವ ಉಪಾಯ ಬೇರೆ ಇಲ್ಲ.

ಹಳೇ ಮದುವೆ ಕ್ಯಾಮೆರಾದ ಟೇಪು, ಕೇಬಲ್ ಟಿವಿಗೆ ಮಾಡಿದ ರೆಕಾರ್ಡಿಂಗು, ಇಂಥವುಗಳ ಫ್ರೇಮಿನಲ್ಲಿ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಅಡ್ಡಡ್ಡ ಸೀಳಿಕೊಂಡಿದ್ದರೆ ಅದು ಮಂಜಲ್ಲ, ಇಂಟರ್‌ಲೇಸ್, ಅಂದರೆ ಬೆಸ ಗೆರೆ ಸಮ ಗೆರೆಗಳನ್ನು ಬೇರೆ ಬೇರೆ ಕ್ಷಣದಲ್ಲಿ ತೆಗೆಯುವ ಹಳೇ ಬಗೆ. ಡಿಇಂಟರ್‌ಲೇಸ್ ಆಯ್ಕೆ ಆನ್ ಮಾಡಿ ಫ್ರೇಮ್ ತೆಗೆಯಿರಿ.

ಸುತ್ತ ಕಪ್ಪು ಪಟ್ಟಿ ಬಂದಿದೆ

ಎಡ ಬಲದಲ್ಲಿ ಪಟ್ಟಿ ಅಂದರೆ ನಿಮ್ಮ ಚಿತ್ರ 16:9 (ಅಗಲ 16 ಪಾಲು, ಎತ್ತರ 9 ಪಾಲು) ಇಲ್ಲ. ಫೋನ್ ಉದ್ದಕ್ಕೆ ಹಿಡಿದು ತೆಗೆದದ್ದು, ಇಲ್ಲವೇ ಹಳೇ 4:3. 1280×720ರ ಹೊಸ ಹಾಳೆ ತೆರೆದು ಅದರಲ್ಲಿ ಚಿತ್ರ ತುಂಬುವಂತೆ ಹಿಗ್ಗಿಸಿ. ಅಡ್ಡಕ್ಕೆ ಮಾತ್ರ ಎಳೆದರೆ ಮುಖ ದಪ್ಪಗಾಗುತ್ತದೆ, ಎರಡೂ ಕಡೆ ಸಮನಾಗಿ ಹಿಗ್ಗಿಸಿ ಹೆಚ್ಚಾದದ್ದನ್ನು ಕತ್ತರಿಸಿ. ಹಿನ್ನೆಲೆ ಇಲ್ಲದ ಪಿಎನ್‌ಜಿ ಏರಿಸಿದಾಗ ಖಾಲಿ ಜಾಗ ಕಪ್ಪಾಗಿ ಬಂತು ಅನ್ನೋದು ಬೇರೆ ಕತೆ. ಅಡಿಯಲ್ಲಿ ಒಂದು ಬಣ್ಣದ ಪದರ ಹಾಕಿದರೆ ಸರಿಹೋಗುತ್ತದೆ.

ಚಾನೆಲ್‌ನಲ್ಲಿ ಸರಿ ಇದ್ದು, ಲಿಂಕ್ ಹಂಚಿದಾಗ ಮಾತ್ರ ಮೇಲೆ ಕೆಳಗೆ ಪಟ್ಟಿ ಕಂಡರೆ ಚಿಂತೆ ಬಿಡಿ. ಯೂಟ್ಯೂಬ್ ನಿಮ್ಮ ಒಂದು ಚಿತ್ರದಿಂದ ಹಲವು ಅಳತೆಯ ಪ್ರತಿ ಮಾಡಿಡುತ್ತದೆ: 320×180, 480×360, 640×480, 1280×720. ನಡುವಿನ ಎರಡು 4:3 ಆಕಾರದವು, ಅವುಗಳಲ್ಲಿ ಪಟ್ಟಿ ಇದ್ದೇ ಇರುತ್ತದೆ. ಬೇರೆ ಕಡೆ ಆ ಪ್ರತಿ ಬಳಕೆಯಾದಾಗ ಹಾಗೆ ಕಾಣುತ್ತದೆ, ನೀವು ಮಾಡಬೇಕಾದ್ದು ಏನೂ ಇಲ್ಲ.

ಬಣ್ಣ ಬಿಳಿಚಿಕೊಂಡಿದೆ, ಅಥವಾ ಮುಖ ಸುಟ್ಟಂತೆ ಇದೆ

ಈಚಿನ ಐಫೋನಿನಲ್ಲಿ ತೆಗೆದ ವೀಡಿಯೊನಾ? ಐಫೋನ್ 12ರಿಂದ ಈಚೆಗೆ ಎಚ್‌ಡಿಆರ್ ವೀಡಿಯೊ (ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ಬಗೆ) ತಾನಾಗಿಯೇ ಆನ್ ಇರುತ್ತದೆ. ಅಂಥ ವೀಡಿಯೊದ ಫ್ರೇಮನ್ನು ಸಾಮಾನ್ಯ ಜೆಪಿಜಿ ಮಾಡುವಾಗ ಸಾಫ್ಟ್‌ವೇರ್ ಬಣ್ಣವನ್ನು ಸರಿಯಾಗಿ ಇಳಿಸದಿದ್ದರೆ ಒಂದೋ ಬೂದಿ ಬಳಿದಂತೆ, ಇಲ್ಲವೇ ಹಣೆ ಮೂಗು ಉರಿಯುವಂತೆ ಬರುತ್ತದೆ. ಸುಲಭದ ದಾರಿ ಎಂದರೆ ಮುಂದೆ ತೆಗೆಯುವಾಗ ಕ್ಯಾಮೆರಾ ಸೆಟ್ಟಿಂಗ್ಸ್‌ನ ರೆಕಾರ್ಡ್ ವೀಡಿಯೊ ಒಳಗೆ ಎಚ್‌ಡಿಆರ್ ಆಫ್ ಮಾಡುವುದು. ಈಗಾಗಲೇ ತೆಗೆದದ್ದಕ್ಕೆ, ಎಡಿಟಿಂಗ್ ಸೀಕ್ವೆನ್ಸನ್ನು ರೆಕ್.709ಕ್ಕೆ (ಸಾಮಾನ್ಯ ಪರದೆಯ ಬಣ್ಣದ ಮಾನದಂಡ) ಇಟ್ಟು, ಎಚ್‌ಡಿಆರ್ ಬೆಳಕನ್ನು ಅದಕ್ಕೆ ಇಳಿಸುವ ಟೋನ್ ಮ್ಯಾಪಿಂಗ್ ಆನ್ ಮಾಡಿ ಫ್ರೇಮ್ ತೆಗೆಯಬೇಕು. ಲಾಗ್‌ನಲ್ಲಿ (ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ತೆಗೆಯುವ ಬಗೆ) ತೆಗೆದದ್ದಾದರೆ ಬಣ್ಣ ತಿದ್ದಿದ ಮೇಲೆ ಫ್ರೇಮ್ ತೆಗೆಯಿರಿ, ಮೂಲ ಕ್ಲಿಪ್‌ನಿಂದ ನೇರವಾಗಿ ತೆಗೆದರೆ ಬೂದಿಯೇ ಬರೋದು.

ಪ್ರಿಂಟಿಂಗ್ ಪ್ರೆಸ್‌ನಲ್ಲಿ ಫ್ಲೆಕ್ಸ್ ಮಾಡುವವರ ಹತ್ತಿರ ಥಂಬ್‌ನೇಲ್ ಮಾಡಿಸಿದ್ದರೆ ಫೈಲ್ ಸಿಎಂವೈಕೆ (ಮುದ್ರಣದ ಬಣ್ಣದ ಬಗೆ) ಆಗಿದೆಯಾ ನೋಡಿ. ಆರ್‌ಜಿಬಿ (ಪರದೆಯ ಬಣ್ಣದ ಬಗೆ) ಮಾಡಿ, ಎಸ್‌ಆರ್‌ಜಿಬಿ ಪ್ರೊಫೈಲಿನಲ್ಲಿ ಸೇವ್ ಮಾಡಲು ಹೇಳಿ.

ಕನ್ನಡ ಅಕ್ಷರ ಒಡೆದು ಹೋಗಿದೆ

ನಮಗೆಲ್ಲ ಜಾಸ್ತಿ ಹೊತ್ತು ತಿನ್ನುವ ದೋಷ ಇದೇ. ಇಂಗ್ಲಿಷಿನಲ್ಲಿ ಟ್ಯುಟೋರಿಯಲ್ ಮಾಡುವವರಿಗೆ ಇದು ಬರೋದೇ ಇಲ್ಲ, ಹಾಗಾಗಿ ಅಲ್ಲಿ ಉತ್ತರವೂ ಸಿಗಲ್ಲ. ಒಡೆಯುವುದರಲ್ಲಿ ಬಗೆಗಳಿವೆ, ಪ್ರತಿಯೊಂದಕ್ಕೂ ಕಾರಣ ಬೇರೆ. ಮೊದಲು "ಕರ್ನಾಟಕ" ಮತ್ತು "ರಾಷ್ಟ್ರೀಯ" ಎರಡು ಪದ ಟೈಪ್ ಮಾಡಿ ಏನು ಕಾಣುತ್ತೆ ನೋಡಿ.

ಚೌಕ ಚೌಕ ಡಬ್ಬಿ ಕಂಡರೆ ನೀವು ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲ. ಸಾಫ್ಟ್‌ವೇರಿನದ್ದೇನೂ ತಪ್ಪಿಲ್ಲ. ಕನ್ನಡ ಇರುವ ಫಾಂಟ್ ಹಾಕಿ. ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ 2, ಅನೆಕ್ ಕನ್ನಡ, ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಬಿಟ್ಟಿ ಸಿಗುತ್ತವೆ, ಲೈಸೆನ್ಸ್ ಕೂಡ ಮುಕ್ತ. ವಿಂಡೋಸಿನಲ್ಲಿ ನಿರ್ಮಲಾ ಯುಐ ಮೊದಲೇ ಇರುತ್ತದೆ. ಹೊಸ ಫಾಂಟ್ ಹಾಕಿದ ಮೇಲೆ ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆಯಿರಿ, ಇಲ್ಲದಿದ್ದರೆ ಪಟ್ಟಿಯಲ್ಲಿ ಬರದೇ ಇರಬಹುದು.

ಕನ್ನಡ ಅಕ್ಷರಗಳೇ ಕಾಣುತ್ತಿವೆ, ಆದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ಸಾಲಾಗಿ ನಿಂತಿದೆ, "ಕರ್ನಾಟಕ"ದ ಅರ್ಕಾವೊತ್ತು ತನ್ನ ಜಾಗಕ್ಕೆ ಹೋಗದೆ ಪೂರ್ತಿ "ರ್" ಆಗಿಯೇ ಇದೆ, ದೀರ್ಘ ಬೇರೆ ಬಿದ್ದಿದೆ. ಇದು ಫಾಂಟಿನ ದೋಷವಲ್ಲ, ಅಕ್ಷರ ಜೋಡಿಸುವ ಎಂಜಿನ್ನಿನದು. ಫಾಂಟ್ ಬದಲಾಯಿಸುತ್ತಾ ಗಂಟೆಗಟ್ಟಲೆ ಕೂರಬೇಡಿ, ಯಾವ ಫಾಂಟಿನಲ್ಲೂ ಹೀಗೇ ಬರುತ್ತದೆ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಗ್ರಾಫಿಕ್ಸ್ ವಿಭಾಗದಲ್ಲಿ ಸೌತ್ ಏಷಿಯನ್ ಅಂಡ್ ಮಿಡಲ್ ಈಸ್ಟರ್ನ್ ಆರಿಸಿ. ಫೋಟೊಶಾಪ್‌ನಲ್ಲಿ ಪ್ರಿಫರೆನ್ಸಸ್, ಟೈಪ್, ಅಲ್ಲಿ ವರ್ಲ್ಡ್-ರೆಡಿ ಲೇಔಟ್ ಅಂತ ಇರುತ್ತದೆ, ಹಳೇ ಆವೃತ್ತಿಯಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷಿಯನ್ ಅಂತ. ಎರಡರಲ್ಲೂ ಸಾಫ್ಟ್‌ವೇರ್ ಮುಚ್ಚಿ ತೆರೆದು, ಹೊಸದಾಗಿ ಟೈಪ್ ಮಾಡಿ ನೋಡಿ. ಮೊದಲೇ ಬರೆದಿಟ್ಟ ಸಾಲು ಹಾಗೇ ಒಡೆದಿದ್ದರೆ ಗಾಬರಿ ಬೇಡ, ಅಳಿಸಿ ಮತ್ತೆ ಬರೆಯಿರಿ.

ಆ ಆಯ್ಕೆಯೇ ಇಲ್ಲದ ಸಾಫ್ಟ್‌ವೇರ್ ನಿಮ್ಮದಾದರೆ ಅದರ ಜೊತೆ ಗುದ್ದಾಡಬೇಡಿ. ಅಕ್ಷರವನ್ನು ಬೇರೆ ಕಡೆ ಬರೆದು ಚಿತ್ರವಾಗಿ ತನ್ನಿ. ಇಂಕ್‌ಸ್ಕೇಪ್, ಗಿಂಪ್, ಕ್ಯಾನ್ವಾ, ಫೋನಿನಲ್ಲಾದರೆ ಪಿಕ್ಸೆಲ್‌ಲ್ಯಾಬ್, ಇವುಗಳಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ. ಹಿನ್ನೆಲೆ ಇಲ್ಲದ ಪಿಎನ್‌ಜಿ ಮಾಡಿ, ನಿಮ್ಮ ಫ್ರೇಮಿನ ಮೇಲೆ ಇಟ್ಟರೆ ಆಯಿತು. ಒತ್ತಕ್ಷರಗಳನ್ನು ಬಿಡಿ ಬಿಡಿಯಾಗಿ ಟೈಪ್ ಮಾಡಿ ಕೈಯಿಂದ ಎಳೆದು ಕೂರಿಸುವವರನ್ನು ನೋಡಿದ್ದೇನೆ. ಅವರ ತಾಳ್ಮೆಗೆ ನಮಸ್ಕಾರ, ಆದರೆ ಒಂದು ಪದ ಬದಲಿಸಬೇಕಾದರೆ ಪೂರ್ತಿ ಕೆಲಸ ಮತ್ತೆ ಮಾಡಬೇಕು.

ಇನ್ನೊಂದು ಬಗೆ: ಕನ್ನಡವೇ ಕಾಣದೆ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಚುಕ್ಕಿ ಇರುವ ಯಾವುದೋ ಅಕ್ಷರ, ಎಲ್ಲಾ ಬೆರೆತು ಬರುವುದು. ಇದು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಅಕ್ಷರದ ಸಂಕೇತಗಳ ಜಾಗದಲ್ಲಿ ಕನ್ನಡದ ಗುರುತು ಕೂರಿಸಿದ ಫಾಂಟ್) ಬರೆದ ಸಾಲು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಇದೇ ನಡೆಯುತ್ತದೆ. ಆ ಫಾಂಟ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೀಗೆ ಕಾಣುತ್ತದೆ. ಒಂದೋ ಆ ಫಾಂಟ್ ಹಾಕಿ, ಇಲ್ಲವೇ ಪರಿವರ್ತಕದಲ್ಲಿ ಯೂನಿಕೋಡ್ (ಎಲ್ಲಾ ಕಡೆ ಕನ್ನಡವಾಗಿಯೇ ಓದಿಸಿಕೊಳ್ಳುವ ಅಕ್ಷರ ಸಂಕೇತ) ಮಾಡಿಕೊಳ್ಳಿ. ಆಸ್ಕಿ ಅಂದರೆ ಮೂಗು ಮುರಿಯುವವರಿದ್ದಾರೆ, ಆದರೆ ಥಂಬ್‌ನೇಲ್ ಕೊನೆಗೂ ಒಂದು ಚಿತ್ರ ಅಲ್ವಾ? ಅದರೊಳಗಿನ ಅಕ್ಷರ ಯಾವ ಎನ್‌ಕೋಡಿಂಗ್ ಅಂತ ನೋಡುವವರಿಗೆ ಗೊತ್ತಾಗಲ್ಲ. ಆಸ್ಕಿ ಫಾಂಟಿನಲ್ಲಿ ಒತ್ತಕ್ಷರ ಮೊದಲೇ ಬೇರೆ ಗುರುತಾಗಿ ಇರುವುದರಿಂದ, ಎಂಜಿನ್ ಇಲ್ಲದ ಹಳೇ ಸಾಫ್ಟ್‌ವೇರ್‌ನಲ್ಲೂ ಸರಿಯಾಗಿ ಕೂರುತ್ತದೆ. ಹಳೇ ಎಡಿಟರ್‌ಗಳು ಅದನ್ನು ಬಿಡದಿರುವುದಕ್ಕೆ ಇದೂ ಒಂದು ಕಾರಣ. ವೀಡಿಯೊದ ಶೀರ್ಷಿಕೆ, ವಿವರಣೆ ಮಾತ್ರ ಯೂನಿಕೋಡ್‌ನಲ್ಲೇ ಇರಬೇಕು, ಇಲ್ಲವಾದರೆ ಹುಡುಕಿದರೆ ಸಿಗಲ್ಲ.

ಎಲ್ಲಾ ಸರಿ ಬಂದು, ಅಕ್ಷರಗಳ ನಡುವೆ ಜಾಗ ಜಾಸ್ತಿ ಮಾಡಿದ ತಕ್ಷಣ ಒಡೆದರೆ? ಟ್ರ್ಯಾಕಿಂಗನ್ನು ಸೊನ್ನೆಗೆ ಇಳಿಸಿ. ಒಂದೊಂದೇ ಅಕ್ಷರ ಹಾರಿ ಬರುವ ಟೈಟಲ್ ಎಫೆಕ್ಟ್‌ಗಳೂ ಕನ್ನಡವನ್ನು ಹೀಗೇ ಒಡೆಯುತ್ತವೆ, ಅಂಥ ಟೈಟಲಿನಿಂದ ಫ್ರೇಮ್ ತೆಗೆಯಬೇಡಿ. ಅಕ್ಷರದ ಸುತ್ತ ಗೆರೆ ಹಾಕಿದಾಗ ಒಳಗೂ ಗೆರೆ ಬಂದು ಅಕ್ಷರ ತುಂಡು ತುಂಡಾದಂತೆ ಕಂಡರೆ, ಗೆರೆಯನ್ನು ಅಕ್ಷರದ ಹಿಂದಕ್ಕೆ ಕಳಿಸುವ ಆಯ್ಕೆ ಹುಡುಕಿ. ಅದಿಲ್ಲದಿದ್ದರೆ ಅದೇ ಸಾಲನ್ನು ಎರಡು ಪದರದಲ್ಲಿ ಇಟ್ಟು, ಕೆಳಗಿನದಕ್ಕೆ ಮಾತ್ರ ಗೆರೆ ಹಾಕಿ.

ಅಕ್ಷರ ಸರಿ ಇದೆ, ಓದೋಕೆ ಆಗ್ತಿಲ್ಲ

ಮಾನಿಟರಿನ ಮುಂದೆ ಕೂತು ಇದನ್ನು ಪರೀಕ್ಷಿಸೋಕೆ ಆಗಲ್ಲ. ಚಿತ್ರವನ್ನು 320×180ಕ್ಕೆ ಇಳಿಸಿ, ಫೋನಿಗೆ ಕಳಿಸಿ, ಬ್ರೈಟ್‌ನೆಸ್ ಅರ್ಧ ಮಾಡಿ, ಹೊರಗೆ ಬಿಸಿಲಲ್ಲಿ ನಿಂತು ನೋಡಿ. ಬಸ್ಸಿನಲ್ಲಿ ಕೂತು ನೋಡುವವರಿಗೆ ಸಿಗೋದು ಇದೇ. ಇಲ್ಲಿ ಓದೋಕೆ ಆಗದಿದ್ದರೆ ಮೊದಲ ಮದ್ದು ಪದ ಕಡಿಮೆ ಮಾಡುವುದು. ಶೀರ್ಷಿಕೆಯಲ್ಲಿ ಇರುವುದನ್ನೇ ಚಿತ್ರದ ಮೇಲೂ ಬರೆಯಬೇಕಾಗಿಲ್ಲ, ಎರಡೂ ಒಟ್ಟಿಗೇ ಕಾಣುತ್ತವೆ. "ಅಡಿಕೆ ಮರಕ್ಕೆ ಕೊಳೆ ರೋಗ ಬಂದಾಗ ಮಾಡಬೇಕಾದ ಕ್ರಮಗಳು" ಅಂತ ಪೂರ್ತಿ ತುಂಬುವ ಬದಲು ಕೊಳೆತ ಗೊನೆಯ ಚಿತ್ರ ದೊಡ್ಡದಾಗಿ ಇಟ್ಟು "ಕೊಳೆ ರೋಗ" ಅಂತ ಎರಡೇ ಪದ ಸಾಕು.

ದಪ್ಪ ಮಾಡಿದಷ್ಟೂ ಓದೋಕೆ ಸುಲಭ ಅನ್ನೋದು ಕನ್ನಡಕ್ಕೆ ಪೂರ್ತಿ ನಿಜವಲ್ಲ. ನಮ್ಮ ಅಕ್ಷರಗಳಲ್ಲಿ ಪ, ಫ, ದ, ಧ, ಡ, ಢ ಇವುಗಳ ವ್ಯತ್ಯಾಸ ಅಡಿಯಲ್ಲಿರುವ ಒಂದು ಸಣ್ಣ ಸೀಳು. ಬೋಲ್ಡ್ ಇಲ್ಲದ ಫಾಂಟಿಗೆ ಬೋಲ್ಡ್ ಒತ್ತಿದರೆ ಸಾಫ್ಟ್‌ವೇರ್ ಸುಳ್ಳು ದಪ್ಪ ಮಾಡುತ್ತದೆ, ಆ ಸೀಳು ಮುಚ್ಚಿಹೋಗುತ್ತದೆ, ಧನಲಾಭದ ವೀಡಿಯೊ ದನದ ವೀಡಿಯೊ ಆಗಿಬಿಡುತ್ತದೆ. ನಿಜವಾಗಿ ದಪ್ಪ ತೂಕ ಇರುವ ಫಾಂಟನ್ನೇ ಬಳಸಿ. ಎರಡು ಸಾಲಿದ್ದರೆ ನಡುವೆ ಸ್ವಲ್ಪ ಜಾಸ್ತಿ ಜಾಗ ಬಿಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೊಡೆಯುತ್ತದೆ.

ಕೆಂಪು ಅಕ್ಷರ ಸೇವ್ ಮಾಡಿದ ಮೇಲೆ ಅಂಚು ಕಲಸಿಕೊಂಡಿದೆಯಾ? ಜೆಪಿಜಿ ಬೆಳಕಿನ ವಿವರವನ್ನು ಚೆನ್ನಾಗಿ ಉಳಿಸುತ್ತದೆ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತದೆ. ಕಡು ಹಿನ್ನೆಲೆ ಮೇಲೆ ಸಣ್ಣ ಕೆಂಪು ಅಕ್ಷರ ಇದರಿಂದಲೇ ಹಾಳಾಗುವುದು. ಯೂಟ್ಯೂಬ್ ತಾನೂ ಮತ್ತೊಮ್ಮೆ ಹಿಂಡುತ್ತದೆ, ಆದ್ದರಿಂದ ನೀವು ಎಷ್ಟೇ ಒಳ್ಳೇ ಗುಣಮಟ್ಟದಲ್ಲಿ ಕೊಟ್ಟರೂ ಪೂರ್ತಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಬಿಳಿ ಅಥವಾ ಹಳದಿ ಅಕ್ಷರ, ಸುತ್ತ ಕಪ್ಪು ಗೆರೆ, ಕೆಂಪು ಬೇಕೇ ಬೇಕಾದರೆ ಅದನ್ನು ಪಟ್ಟಿಯಾಗಿ ಅಕ್ಷರದ ಹಿಂದೆ ಇಡಿ. ಇನ್ನು ಬಲಗಡೆ ಕೆಳಮೂಲೆಯಲ್ಲಿ ಯಾವುದೇ ಪದ ಬೇಡ. ವೀಡಿಯೊದ ಅವಧಿ ಅಲ್ಲಿ ಬಂದು ಕೂರುತ್ತದೆ. ಅರ್ಧ ನೋಡಿ ಬಿಟ್ಟವರಿಗೆ ಕೆಳಅಂಚಿನಲ್ಲಿ ಕೆಂಪು ಗೆರೆಯೂ ಬರುತ್ತದೆ.

ಎಲ್ಲಾ ಸರಿ ಇದೆ, ಯಾರೂ ಒತ್ತುತ್ತಿಲ್ಲ

ಇಲ್ಲಿಂದ ಮುಂದೆ ಕಣ್ಣಿನ ಪರೀಕ್ಷೆ ಸಾಲದು, ಸ್ಟುಡಿಯೊದ ಅಂಕಿ ನೋಡಬೇಕು. ಅನಾಲಿಟಿಕ್ಸ್‌ನಲ್ಲಿ ಇಂಪ್ರೆಷನ್ ಅಂದರೆ ನಿಮ್ಮ ಚಿತ್ರವನ್ನು ಎಷ್ಟು ಸಲ ತೋರಿಸಿದರು ಅಂತ. ಅದರ ಪಕ್ಕದ ಕ್ಲಿಕ್-ಥ್ರೂ ರೇಟ್ ಅಂದರೆ ಅದರಲ್ಲಿ ನೂರಕ್ಕೆ ಎಷ್ಟು ಸಲ ಒತ್ತಿದರು ಅಂತ. ಇಂಪ್ರೆಷನ್ನೇ ಕಡಿಮೆ ಇದ್ದರೆ ಥಂಬ್‌ನೇಲ್ ಮೇಲೆ ನೇರ ತಪ್ಪು ಹೊರಿಸಬೇಡಿ, ಅದನ್ನು ಜನ ಇನ್ನೂ ನೋಡಿಯೇ ಇಲ್ಲ. ಇಂಪ್ರೆಷನ್ ಚೆನ್ನಾಗಿದ್ದು ಒತ್ತುವವರು ಕಡಿಮೆ ಅಂದರೆ ಚಿತ್ರವನ್ನೋ ಶೀರ್ಷಿಕೆಯನ್ನೋ ನೋಡಬೇಕು. ಎಷ್ಟಿದ್ದರೆ ಸರಿ? ಅರ್ಧದಷ್ಟು ಚಾನೆಲ್ ಮತ್ತು ವೀಡಿಯೊಗಳಲ್ಲಿ ಇದು ಶೇಕಡಾ 2ರಿಂದ 10ರ ನಡುವೆ ಇರುತ್ತದೆ ಅಂತ ಯೂಟ್ಯೂಬೇ ಹೇಳುತ್ತದೆ. ಮೊದಲ ದಿನ ಜಾಸ್ತಿ ಇದ್ದು ಆಮೇಲೆ ಇಳಿಯುವುದು ಸಹಜ. ಮೊದಲು ನಿಮ್ಮ ಚಂದಾದಾರರು ನೋಡುತ್ತಾರೆ, ಆಮೇಲೆ ಗುರುತಿಲ್ಲದವರಿಗೆ ತೋರಿಸುತ್ತಾರೆ.

ಒತ್ತುವವರು ಜಾಸ್ತಿ, ಆದರೆ ಅರ್ಧ ನಿಮಿಷಕ್ಕೇ ಎದ್ದು ಹೋಗುತ್ತಿದ್ದಾರೆ ಅಂದರೆ ಅದು ಇನ್ನೂ ಕೆಟ್ಟ ಲಕ್ಷಣ. ಚಿತ್ರ ಹೇಳಿದ್ದು ವೀಡಿಯೊದಲ್ಲಿ ಸಿಕ್ಕಿಲ್ಲ. ಇದಕ್ಕೆ ಇನ್ನಷ್ಟು ಹೊಳೆಯುವ ಥಂಬ್‌ನೇಲ್ ಮದ್ದಲ್ಲ.

ಬದಲಿಸುವಾಗ ಒಂದು ಸಲಕ್ಕೆ ಒಂದೇ ಬದಲಿಸಿ. ಫೋಟೊ, ಪದ, ಬಣ್ಣ, ಶೀರ್ಷಿಕೆ ಎಲ್ಲಾ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯಲ್ಲ. ನಿಮ್ಮ ಚಾನೆಲ್ಲಿನಲ್ಲಿ ಟೆಸ್ಟ್ ಅಂಡ್ ಕಂಪೇರ್ ಇದ್ದರೆ ಅದನ್ನೇ ಬಳಸಿ. ಮೂರು ಥಂಬ್‌ನೇಲ್ ಕೊಟ್ಟರೆ ಬೇರೆ ಬೇರೆಯವರಿಗೆ ಬೇರೆ ಬೇರೆ ತೋರಿಸಿ, ಎರಡು ವಾರದೊಳಗೆ ಯಾವುದು ಮೇಲು ಅಂತ ಹೇಳುತ್ತದೆ. ಅದು ಎಣಿಸುವುದು ಕ್ಲಿಕ್ ಅಲ್ಲ, ನೋಡಿದ ಹೊತ್ತು. ಕೊಡುವ ಮೂರೂ ನಿಜವಾಗಿ ಬೇರೆ ಬೇರೆ ಇರಲಿ, ಹಳದಿ ಜಾಗಕ್ಕೆ ಕಿತ್ತಳೆ ಹಾಕಿ ಪರೀಕ್ಷೆ ಮಾಡಿದರೆ ಉತ್ತರ ಬರಲ್ಲ.

ಥಂಬ್‌ನೇಲ್ ತೆಗೆದುಹಾಕಿದ್ದಾರೆ, ಎಚ್ಚರಿಕೆ ಬಂದಿದೆ

ಇಲ್ಲಿ ನಿಲ್ಲಿಸಿ. ಅದೇ ಚಿತ್ರವನ್ನು ಸ್ವಲ್ಪ ತಿದ್ದಿ ಮತ್ತೆ ಏರಿಸಬೇಡಿ. ಬಂದ ಇಮೇಲ್ ಪೂರ್ತಿ ಓದಿ, ಸ್ಟುಡಿಯೊದಲ್ಲಿ ಯಾವ ನಿಯಮ ಅಂತ ನೋಡಿ. ಮೊದಲ ಸಲ ಸಾಮಾನ್ಯವಾಗಿ ಎಚ್ಚರಿಕೆ ಮಾತ್ರ, ಆಮೇಲೆ ಸ್ಟ್ರೈಕ್, ಅಂದರೆ ನಿಯಮ ಮುರಿದದ್ದಕ್ಕೆ ಚಾನೆಲ್ ಮೇಲೆ ಬೀಳುವ ದಂಡನೆ. 90 ದಿನದೊಳಗೆ ಮೂರು ಸ್ಟ್ರೈಕ್ ಆದರೆ ಚಾನೆಲ್ಲೇ ಹೋಗಬಹುದು. ರಕ್ತ, ಅಶ್ಲೀಲ ಇಷ್ಟೇ ಅಲ್ಲ, ವೀಡಿಯೊದಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ತೋರಿಸುವುದೂ ತಪ್ಪೇ. ಸುದ್ದಿ ಮತ್ತು ಪ್ರಚಲಿತ ವಿಷಯಗಳಲ್ಲಿ ಇಂಥ ಶೀರ್ಷಿಕೆ, ಥಂಬ್‌ನೇಲ್‌ಗಳ ಮೇಲೆ ಭಾರತದಲ್ಲಿ ಬಿಗಿ ಮಾಡುತ್ತೇವೆ ಅಂತ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲೇ ಹೇಳಿದೆ. ಬದುಕಿರುವ ನಟರ ಫೋಟೊಗೆ ಹೂವಿನ ಹಾರ ಹಾಕಿ ಕ್ಲಿಕ್ ಗಿಟ್ಟಿಸುವವರು ಇದನ್ನು ಎರಡು ಸಲ ಓದಲಿ. ತಪ್ಪಿಲ್ಲದೆ ತೆಗೆದಿದ್ದಾರೆ ಅನ್ನಿಸಿದರೆ ಸ್ಟುಡಿಯೊದಲ್ಲೇ ಮೇಲ್ಮನವಿ ಹಾಕಬಹುದು. ಬೇರೆಯವರು ತೆಗೆದ ಫೋಟೊ ಬಳಸಿ ಕಾಪಿರೈಟ್ ನೋಟಿಸ್ ಬಂದಿದ್ದರೆ, ಹಣದ ಬೇಡಿಕೆಯೂ ಜೊತೆಗಿದ್ದರೆ, ಉತ್ತರ ಬರೆಯುವ ಮುಂಚೆ ವಕೀಲರನ್ನು ಕೇಳಿ. ಮಕ್ಕಳ ಮುಖ ಹಾಕುವ ಮುಂಚೆ ಅಪ್ಪ ಅಮ್ಮನನ್ನು ಕೇಳಿ, ಶಾಲೆ ವಾರ್ಷಿಕೋತ್ಸವದ ವೀಡಿಯೊ ಆದರೂ ಸರಿ.

ಸಾಫ್ಟ್‌ವೇರ್ ಮುಚ್ಚಿಕೊಳ್ಳುತ್ತಿದೆ, ಕಂಪ್ಯೂಟರ್ ವಿಚಿತ್ರವಾಗಿ ಆಡ್ತಿದೆ

ಫ್ರೇಮ್ ತೆಗೆಯುವಾಗ ಸಾಫ್ಟ್‌ವೇರ್ ಮುಚ್ಚಿಹೋದರೆ ಮೊದಲು ಡಿಸ್ಕಿನಲ್ಲಿ ಜಾಗ ಇದೆಯಾ ನೋಡಿ, ಆಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಸದು ಮಾಡಿ. ಲ್ಯಾಪ್‌ಟಾಪ್ ಸುಡುತ್ತಿದ್ದರೆ ಹಾಸಿಗೆ ಮೇಲಿಂದ ಎತ್ತಿ ಮೇಜಿನ ಮೇಲಿಡಿ. ಟಚ್‌ಪ್ಯಾಡ್ ಉಬ್ಬಿದ್ದರೆ, ತಳ ಸಮನಾಗಿ ಕೂರದೆ ಅಲ್ಲಾಡುತ್ತಿದ್ದರೆ ಒಳಗೆ ಬ್ಯಾಟರಿ ಊದಿರಬಹುದು. ಆಫ್ ಮಾಡಿ, ಚಾರ್ಜರ್ ಕೀಳಿ, ನೀವೇ ಬಿಚ್ಚಬೇಡಿ, ಒತ್ತಿ ಕೂರಿಸೋಕೂ ಹೋಗಬೇಡಿ, ಸರ್ವಿಸ್ ಸೆಂಟರಿಗೆ ಕೊಡಿ.

"ಉಚಿತ ಥಂಬ್‌ನೇಲ್ ಪ್ಯಾಕ್" ಅಂತ ಡೌನ್‌ಲೋಡ್ ಮಾಡಿದ ಮೇಲೆ, ಅಥವಾ ಜಾಹೀರಾತು ಕೊಡ್ತೀವಿ ಅಂತ ಬಂದ ಇಮೇಲಿನ ಫೈಲ್ ತೆರೆದ ಮೇಲೆ ತೊಂದರೆ ಶುರುವಾಗಿದ್ದರೆ ಅದು ಬೇರೆಯೇ ದೋಷ. ಚಿತ್ರದ ಗುರುತು ಇಟ್ಟುಕೊಂಡು ಕೊನೆಯಲ್ಲಿ ಇಎಕ್ಸ್‌ಇ ಅಥವಾ ಎಸ್‌ಸಿಆರ್ ಇರುವ ಫೈಲುಗಳು ನಿಜವಾಗಿ ಪ್ರೋಗ್ರಾಂಗಳು, ಬ್ರೌಸರಿನಲ್ಲಿ ನೀವು ಲಾಗಿನ್ ಆಗಿರುವ ಸೆಷನ್ನನ್ನೇ ಕದಿಯಬಹುದು. ಆಗ ಕಳ್ಳರಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ವಿಂಡೋಸ್ ಫೈಲಿನ ಕೊನೆ ಭಾಗವನ್ನು ಅಡಗಿಸಿ ತೋರಿಸುತ್ತದೆ, ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿಗೆ ಹೋಗಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ ಇಟ್ಟುಕೊಳ್ಳಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರಿನದ್ದೂ ಇದೇ ಅಪಾಯ. ರಿಸಾಲ್ವ್, ಶಾಟ್‌ಕಟ್, ಗಿಂಪ್ ಬಿಟ್ಟಿ ಸಿಗುವಾಗ ಆ ತಂಟೆ ಯಾಕೆ?

ಅಂಥ ಫೈಲ್ ತೆರೆದಿದ್ದೀರಿ ಅಂತ ಅನುಮಾನ ಬಂದರೆ ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತುಹಾಕಿ. ಬೇರೆ ಸಾಧನದಿಂದ ಗೂಗಲ್ ಖಾತೆಗೆ ಹೋಗಿ ಪಾಸ್‌ವರ್ಡ್ ಬದಲಿಸಿ, ಎಲ್ಲಾ ಸಾಧನಗಳಿಂದ ಸೈನ್ ಔಟ್ ಮಾಡಿ, ಚಾನೆಲ್ಲಿಗೆ ಹೊಸ ಮ್ಯಾನೇಜರ್ ಯಾರಾದರೂ ಸೇರಿದ್ದಾರಾ ನೋಡಿ. ಚಾನೆಲ್ ಕೈ ತಪ್ಪಿಹೋಗಿದ್ದರೆ ಯೂಟ್ಯೂಬಿನ ಸಹಾಯ ಪುಟದ ಮೂಲಕವೇ ದೂರು ಕೊಡಿ. "ಚಾನೆಲ್ ವಾಪಸ್ ಕೊಡಿಸ್ತೀನಿ, ಮೊದಲು ಹಣ ಹಾಕಿ" ಅನ್ನುವವರ ಹತ್ತಿರ ಹೋಗಬೇಡಿ. ಹಣವೂ ಹೋಗಿದ್ದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.